ಎಂಜಿನ್ ಬಿಸಿಯಾಗುವಷ್ಟು ಹೊತ್ತು

ಬೆಳಗಾದರೆ ಗಾಡಿ ಬಿಸಿ ಮಾಡುವ ಕೆಲಸ ಆ ಮನೆಯಲ್ಲಿ ಅಕ್ಕನದು. ಅಪ್ಪನ ಕಾಲದಿಂದಲೂ ಹಾಗೇ. ಗಾಡಿಯೂ ಅಪ್ಪನದೇ, ಕೊಬ್ಬಿದ ಹೋರಿಯಂಥ ಹಳೆಯ ಮೋಟಾರ್ ಸೈಕಲ್ಲು. ಮೆಟ್ಟಿಲ ಕೆಳಗಿನ ಸಂದಿಯಲ್ಲಿ ನಿಂತಿರುತ್ತಿತ್ತು. ಚಳಿಯ ಬೆಳಗ್ಗೆ ಅದನ್ನು ಎಬ್ಬಿಸುವುದೆಂದರೆ ಮುನಿಸಿಕೊಂಡು ಮಲಗಿದ ಮಾವನನ್ನು ಊಟಕ್ಕೆ ಎಬ್ಬಿಸಿದ ಹಾಗೆ. ಚೋಕ್ ಎಳೆದು, ಕಿಕ್ಕರಿನ ಮೇಲೆ ಇಡೀ ಮೈಭಾರ ಬಿಟ್ಟು ಒದೆಯಬೇಕು. ಮೊದಲು ಕೆಮ್ಮುತ್ತದೆ, ಆಮೇಲೆ ಉಗುಳುತ್ತದೆ, ಮನಸ್ಸು ಬಂದರೆ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡ ಮೇಲೂ ಕೈಬಿಡುವ ಹಾಗಿಲ್ಲ. ಆಕ್ಸಿಲರೇಟರ್ ಹಿಡಿದು, ಸ್ವಲ್ಪ ಸ್ವಲ್ಪವೇ ರೇಸ್ ಕೊಡುತ್ತಾ, ಸದ್ದು ಒಂದು ಹದಕ್ಕೆ ಬರುವ ತನಕ ಕಾಯಬೇಕು. ಅವಸರಪಟ್ಟು ಗೇರ್ ಹಾಕಿದರೆ ರಸ್ತೆಯ ಏರಿನಲ್ಲಿ ಗಕ್ಕೆಂದು ನಿಂತು ಮಾನ ಕಳೆಯುತ್ತದೆ.

ತಮ್ಮನಿಗೆ ಆ ತಾಳ್ಮೆ ಇರಲಿಲ್ಲ. ಮರ ಕೊಯ್ಯುವ ಮಿಲ್ಲಿನಲ್ಲಿ ಅವನ ಕೆಲಸ. ಅಲ್ಲಿ ಅವನನ್ನು ಎಲ್ಲರೂ ಗರಗಸ ಅಂತಲೇ ಕರೆಯುತ್ತಿದ್ದರು. ಕೊಯ್ಯುವ ಕೆಲಸಕ್ಕೆ ಬಂದ ಹೆಸರೋ, ಸಿಟ್ಟಿಗೆ ಬಂದ ಹೆಸರೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆದರೆ ಅಕ್ಕನ ಮುಂದೆ ಅವನು ಬೆಣ್ಣೆ. ಅಮ್ಮ ಸತ್ತಾಗ ಅವನಿನ್ನೂ ಚಡ್ಡಿ ಹಾಕುತ್ತಿದ್ದ. ಅವನ ಮೂಗು ಒರೆಸಿ, ಕೂದಲು ಬಾಚಿ, ಜ್ವರ ಬಂದಾಗ ಮಡಿಲಲ್ಲಿ ಹಾಕಿಕೊಂಡು ಸಾಕಿದವಳು ಅವಳೇ. ಬಂದ ಗಂಡುಗಳನ್ನೆಲ್ಲ ಇವನಿಗೋಸ್ಕರ ಬೇಡವೆಂದು ಕಳಿಸಿದಳು. ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಹಿಡಿದಳು. ಅಪ್ಪ ಹೋದಮೇಲೆ ಗಾಡಿ ತಮ್ಮನದಾಯಿತು. ಬಿಸಿ ಮಾಡುವ ಕೆಲಸ ಮಾತ್ರ ಅಕ್ಕನಿಗೇ ಉಳಿಯಿತು.

ತಮ್ಮನ ಹೆಂಡತಿಗೆ ಬೀದಿಯವರು ಇಟ್ಟ ಹೆಸರು ಚಿನಕುರಳಿ. ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಬಾಯಿ ಪಟಪಟ ಸಿಡಿಯುತ್ತಿತ್ತು. ನಲ್ಲಿ ಹತ್ತಿರ ಒಂದು ಕೊಡ ತುಂಬುವುದರೊಳಗೆ ಮೂರು ಮನೆಯ ಸಮಾಚಾರ ಮುಗಿಸಿ, ನಾಲ್ಕನೆಯವರನ್ನು ನಗಿಸಿ ಬರುತ್ತಿದ್ದಳು. ಈಗ ಮಾತು ಹೋಗಿತ್ತು. ಹೆಸರು ಮಾತ್ರ ಉಳಿದಿತ್ತು.

ಅವಳ ಮಾತು ಎಲ್ಲಿ ಹೋಯಿತು ಎಂಬುದು ಅಕ್ಕನಿಗೆ ಗೊತ್ತಿಲ್ಲದ್ದೇನಲ್ಲ. ಬೆಳಗ್ಗೆ ತಮ್ಮನ ಮುಖ ಬಿಗಿಯುತ್ತಿತ್ತು. ಚಹಾ ತಣ್ಣಗಿದ್ದರೂ ಆಯಿತು, ಅಂಗಿಯ ಗುಂಡಿ ಕಿತ್ತಿದ್ದರೂ ಆಯಿತು. ಹೆಂಡತಿಯ ಕಡೆ ತಿರುಗಿಯೂ ನೋಡದೆ, ಮೆತ್ತಗಿನ ದನಿಯಲ್ಲಿ, "ಅಕ್ಕಾ, ಗಾಡಿ ಬಿಸಿ ಮಾಡು ಹೋಗು" ಎನ್ನುತ್ತಿದ್ದ. ಅಕ್ಕ ಇಳಿದು ಹೋಗುತ್ತಿದ್ದಳು. ಗಾಡಿ ಗುಡುಗಲು ಶುರುವಾದರೆ ಮೆಟ್ಟಿಲಸಂದಿಯೆಲ್ಲ ಅದರುತ್ತಿತ್ತು. ಆ ಗುಡುಗಿನಲ್ಲಿ ಮೇಲಿನ ಮನೆಯದು ಯಾರಿಗೂ ಕೇಳುತ್ತಿರಲಿಲ್ಲ. ಕೆಳಮನೆಯ ದರ್ಜಿಗೂ ಕೇಳುತ್ತಿರಲಿಲ್ಲ, ಎದುರುಮನೆಯವರಿಗೂ ಇಲ್ಲ. ಎಂಜಿನ್ ಹದಕ್ಕೆ ಬರುವ ಹೊತ್ತಿಗೆ ತಮ್ಮ ತಲೆ ಬಾಚಿಕೊಂಡು, ಕೈಗೆ ವಾಚು ಕಟ್ಟಿಕೊಳ್ಳುತ್ತಾ ಇಳಿದು ಬರುತ್ತಿದ್ದ. "ಬರ್ತೀನಕ್ಕಾ" ಎಂದು ಹೊರಡುತ್ತಿದ್ದ. ಅಕ್ಕ ಮೇಲೆ ಹೋಗಿ ದಿಂಬಿನ ಚೀಲ ಕಳಚಿ ತಣ್ಣೀರಿನಲ್ಲಿ ನೆನೆಹಾಕುತ್ತಿದ್ದಳು. ರಕ್ತಕ್ಕೆ ಬಿಸಿನೀರು ತಗುಲಿದರೆ ಕಲೆ ಕೂತುಬಿಡುತ್ತದೆ.

ಹೀಗೆ ನೆನೆಹಾಕುವಾಗೆಲ್ಲ ಅವಳಿಗೆ ಅಮ್ಮನ ನೆನಪು ಬರುತ್ತಿತ್ತು. ಅಪ್ಪನೂ ಹಾಗೆಯೇ ಹೇಳುತ್ತಿದ್ದದ್ದು: "ಮಗಾ, ಗಾಡಿ ಬಿಸಿ ಮಾಡು ಹೋಗು." ಕಾಲು ನೆಟ್ಟಗೆ ಕಿಕ್ಕರಿಗೆ ಎಟುಕದ ವಯಸ್ಸಿನಲ್ಲಿ ಅವಳು ಎಗರಿ ಎಗರಿ ಒದೆಯುತ್ತಿದ್ದಳು. ಅಪ್ಪನೇ ಕಲಿಸಿದ್ದ. ಮೈದಾನಕ್ಕೆ ಕರೆದುಕೊಂಡು ಹೋಗಿ ಓಡಿಸುವುದನ್ನೂ ಕಲಿಸಿ, "ನನ್ನ ಮಗಳು ಗಂಡುಮಗನಿಗಿಂತ ಹೆಚ್ಚು" ಎಂದು ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ತಿರುಗಿದ್ದ. ಅವಳು ಕೆಳಗೆ ಗಾಡಿಯ ಹತ್ತಿರ ಇರುತ್ತಿದ್ದಳು. ತಮ್ಮ ಮೇಲೆ, ಕೋಣೆಯ ಮೂಲೆಯಲ್ಲಿ, ಕಣ್ಣು ಬಿಟ್ಟುಕೊಂಡು ಕೂತಿರುತ್ತಿದ್ದ. ಅವಳು ಕಲಿತದ್ದು ಒಂದು, ಅವನು ಕಲಿತದ್ದು ಇನ್ನೊಂದು.

ಆ ದಿನ ಶುರುವಾದದ್ದು ಕಾಜಾ ಗುಂಡಿಯ ಮಾತಿಗೆ. ದರ್ಜಿಯ ಹೆಂಡತಿ ಕೆಲಸ ಹೆಚ್ಚಾಗಿದೆ, ಕಾಜಾ ಹಾಕಿ ಗುಂಡಿ ಹೊಲಿದು ಕೊಡುತ್ತೀಯಾ ಎಂದು ಚಿನಕುರಳಿಯನ್ನು ಕೇಳಿದ್ದಳು. ಅದನ್ನು ಗಂಡನಿಗೆ ಹೇಳಲು ಅವಳು ಸಮಯ ನೋಡುತ್ತಿದ್ದಳು. ಬೆಳಗ್ಗೆ ಅವನು ಒಳ್ಳೆ ಮನಸ್ಸಿನಲ್ಲಿದ್ದಾನೆ ಅಂದುಕೊಂಡು, ಚಹಾದ ಲೋಟ ಕೊಡುತ್ತಾ ಹೇಳಿಬಿಟ್ಟಳು.

"ಮನೇಲೇ ಕೂತು ಮಾಡೋದು. ಎಲ್ಲಿಗೂ ಹೋಗಲ್ಲ."

"ಕೇಳಿದ್ದು ಯಾರು?"

"ಕೆಳಗಿನ ಮನೆಯವರು."

"ಅವನಾ, ಅವಳಾ?"

"ಅವರ ಹೆಂಡತೀನೇ ಕೇಳಿದ್ದು. ಬೇಕಾದ್ರೆ ಅತ್ತಿಗೇನ ಕೇಳಿ."

ತಮ್ಮ ಚಹಾ ಪೂರ್ತಿ ಕುಡಿದ. ಲೋಟವನ್ನು ಸದ್ದಾಗದ ಹಾಗೆ ನೆಲಕ್ಕಿಟ್ಟ. "ಅಕ್ಕಾ," ಎಂದ, "ಗಾಡಿ ಬಿಸಿ ಮಾಡು ಹೋಗು."

ಅಕ್ಕ ಚಿನಕುರಳಿಯ ಮುಖ ನೋಡಲಿಲ್ಲ. ಶಾಲು ಹೊದ್ದು ಇಳಿದಳು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಕೈ ತಾನಾಗಿ ಕೆಲಸ ಮಾಡುತ್ತಿತ್ತು. ಚೋಕ್ ಎಳೆದಳು, ಒದ್ದಳು, ಒದ್ದಳು, ಹೊತ್ತಿಕೊಂಡಿತು. ಹೊಗೆ ಸಂದಿಯಲ್ಲಿ ತುಂಬಿತು. ಎಂದಿಗಿಂತ ಜೋರಾಗಿಯೇ ರೇಸ್ ಕೊಟ್ಟಳು. ಸೈಲೆನ್ಸರಿನ ಕೊಳವೆ ಬಿಸಿಯೇರಿ ಕಾಲಿಗೆ ಶಾಖ ತಟ್ಟತೊಡಗಿತು. ಸದ್ದು ಇನ್ನೇನು ಹದಕ್ಕೆ ಬಂತು ಅನ್ನುವಷ್ಟರಲ್ಲಿ ಗಾಡಿ ಎರಡು ಸಲ ಬಿಕ್ಕಳಿಸಿ ನಿಂತುಹೋಯಿತು. ಪೆಟ್ರೋಲಿನ ನಲ್ಲಿ ತಿರುಗಿಸುವುದನ್ನೇ ಮರೆತಿದ್ದಳು. ಪೆಟ್ರೋಲ್ ಕೊಳವೆಯಲ್ಲಿ ಇದ್ದಷ್ಟು ಉರಿದು ಮುಗಿದಿತ್ತು.

ಆಗ ಕೇಳಿತು.

ಮೊದಲು ಗೋಡೆಗೆ ಏನೋ ಬಡಿದ ಸದ್ದು. ಪಾತ್ರೆ ಉರುಳಿದ್ದು. ಆಮೇಲೆ "ಅತ್ತಿಗೇ!" ಎಂದು ಒಂದು ಕೂಗು.

ಇಷ್ಟು ವರ್ಷದಲ್ಲಿ ಚಿನಕುರಳಿ ತನ್ನನ್ನು ಕರೆದಿದ್ದಳೋ ಇಲ್ಲವೋ ಅಕ್ಕನಿಗೆ ಗೊತ್ತಿರಲಿಲ್ಲ. ಕರೆದಿದ್ದರೂ ಗಾಡಿ ಕೇಳಿಸಗೊಟ್ಟಿರಲಿಲ್ಲ. ಅಕ್ಕನ ಬಲಗಾಲು ಕಿಕ್ಕರಿನ ಮೇಲಿತ್ತು. ನಲ್ಲಿ ತಿರುಗಿಸಿ ಒಂದು ಸಲ ಒದ್ದರೆ ಸಾಕು, ಎಂದಿನ ಹಾಗೆ ಎಲ್ಲವೂ ಮುಚ್ಚಿಹೋಗುತ್ತಿತ್ತು. ಕಾಲು ಇಳಿಯಲಿಲ್ಲ.

ಮೇಲಿನ ಕಿಟಕಿ ತೆರೆಯಿತು. ತಮ್ಮನ ತಲೆ ಹೊರಗೆ ಬಂತು. ಏದುಸಿರು ಬಿಡುತ್ತಿದ್ದ.

"ಅಕ್ಕಾ, ಯಾಕೆ ನಿಂತೋಯ್ತು? ಸ್ಟಾರ್ಟ್ ಮಾಡು."

ಅಕ್ಕ ತಲೆ ಎತ್ತಿ ನೋಡಿದಳು.

"ಸ್ಟಾರ್ಟ್ ಮಾಡು ಅಂದ್ನಲ್ಲ!"

ಕಿಟಕಿ ಧಡಾರನೆ ಮುಚ್ಚಿತು. ಅವಳು ಶಾಲನ್ನು ಸೀಟಿನ ಮೇಲೆ ಎಸೆದು ಮೆಟ್ಟಿಲು ಹತ್ತಿದಳು. ಓಡಿ ಹತ್ತಿದಳು ಎಂದು ಆಮೇಲೆ ದರ್ಜಿ ಹೇಳಿದ. ಅವಳಿಗೆ ಮಾತ್ರ ಆ ಮೆಟ್ಟಿಲು ಮುಗಿಯಲೇ ಇಲ್ಲ ಅನ್ನಿಸಿತ್ತು.

ಬಾಗಿಲು ತಳ್ಳಿದರೆ ತಮ್ಮ ಚಿನಕುರಳಿಯ ಜಡೆಯನ್ನು ಮುಂಗೈಗೆ ಸುತ್ತಿಕೊಂಡು ನಿಂತಿದ್ದ. ಅವಳ ತುಟಿ ಹರಿದು ಗಲ್ಲದ ತನಕ ರಕ್ತ ಇಳಿದಿತ್ತು. ಅವಳ ಎಡಗೈಯನ್ನು ಅವನು ಅಡುಗೆಮನೆ ಬಾಗಿಲ ಸಂದಿಗೆ ತೂರಿಸಿ ಬಾಗಿಲನ್ನು ಮೊಣಕಾಲಿನಿಂದ ಒತ್ತುತ್ತಿದ್ದ. "ಗುಂಡಿ ಹೊಲೀತೀಯಾ? ಯಾವ ಕೈಯಲ್ಲಿ ಹೊಲೀತೀಯಾ? ಈ ಕೈಯಲ್ಲಾ?" ಎಂದು ಪಾಠ ಒಪ್ಪಿಸುವವನ ಹಾಗೆ ಕೇಳುತ್ತಿದ್ದ. ಅಕ್ಕನನ್ನು ನೋಡಿದವನೇ ದನಿ ಇಳಿಸಿದ.

"ನೀನ್ಯಾಕೆ ಬಂದೆ? ಕೆಳಗೆ ಹೋಗಕ್ಕಾ. ಇದು ನಿನಗಲ್ಲ."

"ಬಿಡೋ ಅವಳನ್ನ."

"ಹೋಗಕ್ಕಾ ಅಂದೆ."

"ಬಿಡು ಅಂದೆ ನಾನು!"

ಅವನು ಅಕ್ಕನ ಕಣ್ಣಲ್ಲೇ ಕಣ್ಣಿಟ್ಟು ಬಾಗಿಲನ್ನು ಒದ್ದ. ಹಸಿ ಕೊಂಬೆ ಮುರಿದಂಥ ಸದ್ದಾಯಿತು. ಚಿನಕುರಳಿಯ ಬಾಯಿ ತೆರೆದುಕೊಂಡಿತು, ದನಿ ಹೊರಡಲಿಲ್ಲ.

ಅಕ್ಕ ಅವನ ಮೇಲೆ ಹಾರಿದಳು. ಹಿಂದಿನಿಂದ ಕುತ್ತಿಗೆಗೆ ಕೈ ಹಾಕಿ ಜಗ್ಗಿದಳು, ಕಿವಿ ಹಿಡಿದು ತಿರುವಿದಳು, ಭುಜ ಕಚ್ಚಿದಳು. ಅವನು ಮೈ ಒದರಿದ. ಅವಳು ಹೋಗಿ ಬಾಗಿಲ ಚೌಕಟ್ಟಿಗೆ ಬಿದ್ದಳು. ಹಣೆ ಒಡೆದು ಬಲಗಣ್ಣಿಗೆ ರಕ್ತ ಇಳಿಯಿತು. ಏಳಲು ಹೋದವಳ ಕಪಾಳಕ್ಕೆ ಅವನು ಬೀಸಿ ಹೊಡೆದ. ಅದು ಮರದ ದಿಮ್ಮಿ ಎತ್ತುವ ಕೈ. ಅವಳ ಕಿವಿಯಲ್ಲಿ ಕುಯ್ ಎಂದಿತು, ಹಲ್ಲೊಂದು ಅಲುಗಾಡಿತು. ಅಕ್ಕನ ಮೇಲೆ ಅವನು ಕೈ ಮಾಡಿದ್ದು ಅದೇ ಮೊದಲು.

"ನೋಡು," ಎಂದ, ಅಳುವವನ ಹಾಗೆ. "ನೋಡು, ನನ್ನ ಕೈಲಿ ಏನು ಮಾಡಿಸಿಬಿಟ್ಟೆ. ಸುಮ್ನೆ ಕೆಳಗೆ ಇರಬಾರದಿತ್ತಾ?"

ಕಟ್ಟೆಯ ಮೇಲೆ ಕುಕ್ಕರ್ ಇತ್ತು. ಬೇಳೆ ನೆನೆಹಾಕಿದ್ದ ಕುಕ್ಕರ್. ಅಕ್ಕ ಹಿಡಿ ಹಿಡಿದು ಎತ್ತಿದಳು, ನೀರು ಬೇಳೆ ಸಮೇತ ಬೀಸಿದಳು. ಅದು ಅವನ ಕಿವಿಯ ಮೇಲ್ಗಡೆ ತಗುಲಿತು. ಅವನು ಮಂಡಿಯೂರಿದ. ಇನ್ನೊಮ್ಮೆ ಬೀಸಿದಳು. ಅವನು ತಲೆಗೆ ಕೈ ಅಡ್ಡ ಇಟ್ಟುಕೊಂಡ, ಬೆರಳಿಗೆ ಬಿತ್ತು. ನೆಲವೆಲ್ಲ ಬೇಳೆ. ಅವನು ಏಳಲು ಹೋಗಿ ಜಾರಿದ, ಮತ್ತೆ ಏಳಲು ಹೋಗಿ ಮತ್ತೆ ಜಾರಿದ. ಬೇರೆ ಯಾವಾಗಲಾದರೂ ಆಗಿದ್ದರೆ ನಗು ಬರುತ್ತಿತ್ತು.

"ನಡಿ," ಎಂದಳು ಅಕ್ಕ. ಚಿನಕುರಳಿಯ ಸೊಂಟಕ್ಕೆ ಕೈ ಹಾಕಿ ಎಬ್ಬಿಸಿದಳು. ಮುರಿದ ಕೈ ಹಿಡಿತ ತಪ್ಪಿದ ಬಾಗಿಲ ಚಿಲಕದ ಹಾಗೆ ಜೋತಾಡುತ್ತಿತ್ತು. "ಅದನ್ನ ಎದೆಗೆ ಅವುಚಿಕೋ. ನಡಿ, ನಡಿ, ಹಿಂದೆ ನೋಡಬೇಡ."

ಕೆಳಗೆ ಬರುವಷ್ಟರಲ್ಲಿ ಮೇಲಿಂದ ಅವನ ಹೆಜ್ಜೆ ಕೇಳಿತು. ಅಕ್ಕ ಪೆಟ್ರೋಲಿನ ನಲ್ಲಿ ತಿರುಗಿಸಿದಳು. ಕಿಕ್ಕರಿಗೆ ಕಾಲಿಡುವ ಮೊದಲೇ ಅವನು ಕೊನೆಯ ಮೆಟ್ಟಿಲುಗಳನ್ನು ಹಾರಿ ಇಳಿದ. ಕಿವಿಯಿಂದ ರಕ್ತ ಸುರಿದು ಕಾಲರು ಒದ್ದೆಯಾಗಿತ್ತು. ಅಕ್ಕನ ಕಡೆ ನೋಡಲೂ ಇಲ್ಲ. ಚಿನಕುರಳಿಯ ಜಡೆಗೇ ಕೈ ಹಾಕಿ ಅವಳನ್ನು ನೆಲಕ್ಕೆ ಕೆಡವಿದ. ಮಗ್ಗುಲಿಗೆ ಒದ್ದ. ಇನ್ನೊಮ್ಮೆ ಒದೆಯಲು ಕಾಲು ಹಿಂದಕ್ಕೆ ತೆಗೆದ.

ಅಕ್ಕ ಗಾಡಿಯ ಇನ್ನೊಂದು ಕಡೆ ಇದ್ದಳು. ಎರಡೂ ಕೈಯಿಂದ ಸೀಟನ್ನು ಹಿಡಿದು, ಹೆಗಲು ಕೊಟ್ಟು ನೂಕಿದಳು. ಗಾಡಿ ಸ್ಟ್ಯಾಂಡಿನಿಂದ ಕಳಚಿ ಅವನ ಮೇಲೆ ಉರುಳಿತು. ಅವನು ತಿರುಗುವಷ್ಟೂ ಪುರುಸೊತ್ತು ಸಿಗಲಿಲ್ಲ. ಕಾಲು ಅಡಿಯಾಯಿತು, ಮೂಳೆ ಲಟಕ್ಕೆಂದಿತು. ಸೈಲೆನ್ಸರಿನ ಬಿಸಿ ಕೊಳವೆ ಅವನ ಮೀನಖಂಡಕ್ಕೆ ಕಚ್ಚಿಕೊಂಡಿತು. ಪ್ಯಾಂಟು ಸುಟ್ಟ ವಾಸನೆ, ಅದರ ಹಿಂದೆಯೇ ಚರ್ಮದ ವಾಸನೆ. ಅವನು ಕೂಗಿದ ಕೂಗಿಗೆ ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು.

"ಅಕ್ಕಾ! ಎತ್ತಕ್ಕಾ! ಸುಡ್ತಿದೆ, ಎತ್ತು!"

ಚಿಕ್ಕವನಿದ್ದಾಗ ಗೇಟು ಹತ್ತಿ ಬಿದ್ದು, ಸರಳಿಗೆ ಚಡ್ಡಿ ಸಿಕ್ಕಿ ತಲೆಕೆಳಗಾಗಿ ತೂಗಾಡುತ್ತಾ ಇದೇ ದನಿಯಲ್ಲಿ ಕರೆದಿದ್ದ. ಅಂದು ಅವಳು ಬರಿಗಾಲಲ್ಲಿ ಓಡಿ ಬಂದಿದ್ದಳು. ಇಂದು ಅವನ ತಲೆಯ ಹತ್ತಿರ ನಿಂತೇ ಇದ್ದಳು. ಅವನು ಕೂಗುತ್ತಲೇ ಇದ್ದ. ಎತ್ತಬೇಕು ಅನ್ನಿಸಿತು. ಎತ್ತಬಾರದು ಅಂತಲೂ ಅಷ್ಟೇ ಬಲವಾಗಿ ಅನ್ನಿಸಿತು. ಆ ಗಳಿಗೆಯಲ್ಲಿ ಯಾರೂ ಬರದಿದ್ದರೆ ತಾನು ಎಷ್ಟು ಹೊತ್ತು ಹಾಗೇ ನಿಂತಿರುತ್ತಿದ್ದೆನೋ ಎಂದು ಆಮೇಲೆ ಬಹಳ ದಿನ ಅವಳು ತನ್ನನ್ನೇ ಕೇಳಿಕೊಂಡಳು.

ದರ್ಜಿ ಅಳತೆಪಟ್ಟಿ ಕೊರಳಲ್ಲಿ ಹಾಕಿಕೊಂಡೇ ಓಡಿ ಬಂದ. ನೆಲದಲ್ಲಿದ್ದ ಚಿನಕುರಳಿಯನ್ನು ನೋಡಿದ, ಅಕ್ಕನ ಮುಖ ನೋಡಿದ.

"ಅಕ್ಕೋರೇ, ಇದೇನು..."

"ಮೊದಲು ಗಾಡಿ ಎತ್ತಿ. ನಂಗೆ ಗಾಡಿ ಬೇಕು."

ಇಬ್ಬರೂ ಸೇರಿ ಎತ್ತಿದರು. ಬಿಡುಗಡೆಯಾದವನು ಮುರಿದ ಕಾಲನ್ನು ಎಳೆದುಕೊಂಡು ತೆವಳಿ, ಹಿಂದಿನ ಚಕ್ರದ ಕಡ್ಡಿಗಳ ನಡುವೆ ಬೆರಳು ತೂರಿಸಿ ಹಿಡಿದ. "ಎಲ್ಲಿಗೂ ಹೋಗಲ್ಲ ಅವಳು! ಅವಳು ಎಲ್ಲಿಗೂ ಹೋಗಲ್ಲ!" ಎಂದು ಅರಚಿದ. ಅಕ್ಕ ಬಗ್ಗಿ ಬಿಡಿಸಲು ನೋಡಿದಳು, ಆಗಲಿಲ್ಲ. ಎದ್ದು ನಿಂತು, ಹಿಮ್ಮಡಿ ಊರಿ ಅವನ ಮಣಿಕಟ್ಟನ್ನು ತುಳಿದಳು. ಬೆರಳು ಸಡಿಲವಾಗುವ ತನಕ ತುಳಿದೇ ಇದ್ದಳು.

ಎಂಜಿನ್ ಇನ್ನೂ ಬಿಸಿಯಿತ್ತು. ಒಂದೇ ಒದೆತಕ್ಕೆ ಹೊತ್ತಿಕೊಂಡಿತು. ದರ್ಜಿಯ ಹೆಂಡತಿ ಚಿನಕುರಳಿಯನ್ನು ಹಿಂದೆ ಕೂರಿಸಿ, ಅಕ್ಕನ ಶಾಲಿನಿಂದಲೇ ಇಬ್ಬರ ಸೊಂಟವನ್ನೂ ಸೇರಿಸಿ ಬಿಗಿದಳು. ಅಪ್ಪ ಕಲಿಸಿದ ಮೇಲೆ ಅಕ್ಕ ಗಾಡಿಯನ್ನು ರಸ್ತೆಗೆ ಇಳಿಸಿಯೇ ಇರಲಿಲ್ಲ. ಗೇರು ಬೀಳುವಾಗ ಗಾಡಿ ಎಗರಿತು, ಒಂದು ಕಡೆ ವಾಲಿತು, ಹೇಗೋ ಏರು ಹತ್ತಿತು. ಒಂದು ಕಣ್ಣಿಗೆ ರಕ್ತ ಕಟ್ಟಿ ರೆಪ್ಪೆ ಅಂಟಿಕೊಂಡಿತ್ತು. ಇನ್ನೊಂದು ಕಣ್ಣಲ್ಲೇ ರಸ್ತೆ ನೋಡುತ್ತಾ, ಎದುರು ಬಂದವರಿಗೆಲ್ಲ "ಸರೀರಿ, ಸರೀರಿ" ಎಂದು ಕಿರುಚುತ್ತಾ ಆಸ್ಪತ್ರೆಯ ತನಕ ಓಡಿಸಿದಳು.

ಗಾಯದ ಕೋಣೆಯ ನರ್ಸು ಬಟ್ಟೆ ವಿಭಾಗದ ಅಕ್ಕನನ್ನು ದಿನಾ ನೋಡುತ್ತಿದ್ದವಳು. ಹತ್ತಿ ಒತ್ತುತ್ತಾ, "ಇಬ್ಬರೂ ಹೇಗೆ ಬಿದ್ರಿ?" ಎಂದಳು. ಚಿನಕುರಳಿ ರೂಢಿಯಂತೆ, "ಮೆಟ್ಟಿಲು..." ಎಂದು ಶುರುಮಾಡಿದಳು.

"ಬಿದ್ದಿದ್ದಲ್ಲ," ಎಂದಳು ಅಕ್ಕ. "ಇವಳ ಗಂಡ ಹೊಡೆದಿದ್ದು. ನನ್ನ ತಮ್ಮ. ಪೊಲೀಸರಿಗೆ ಫೋನ್ ಮಾಡಿ."

ಮಧ್ಯಾಹ್ನದ ಹೊತ್ತಿಗೆ ಅವನನ್ನೂ ಅದೇ ಆಸ್ಪತ್ರೆಗೆ ತಂದರು. ಗಂಡಸರ ವಾರ್ಡಿನಲ್ಲಿ ಕಾಲಿಗೆ ಪಟ್ಟಿ ಹಾಕಿ ಮಲಗಿಸಿದರು. ಬಾಗಿಲಲ್ಲಿ ಒಬ್ಬ ಪೊಲೀಸಿನವನು ಕುರ್ಚಿ ಹಾಕಿಕೊಂಡು ಕೂತ. ಅಕ್ಕ ಒಂದು ಸಲ ನೋಡಲು ಹೋದಳು. ಮೋರೆ ಊದಿ ಗುರುತೇ ಸಿಗುವಂತಿರಲಿಲ್ಲ. ಅವಳದೂ ಹಾಗೇ ಇತ್ತು.

"ಅಪ್ಪನೂ ಹೊಡೀತಿದ್ದ," ಎಂದ ತಮ್ಮ. "ಅಪ್ಪನಿಗೆ ಯಾರೂ ಏನೂ ಅನ್ನಲಿಲ್ಲ. ನೀನೂ ಅನ್ನಲಿಲ್ಲ. ನನಗೊಬ್ಬನಿಗೇ ಯಾಕೆ?"

"ಅನ್ನಬೇಕಿತ್ತು."

"ನನ್ನನ್ನ ಸಾಕಿದ್ದು ನೀನೇ ಅಲ್ವಾ ಅಕ್ಕಾ?"

"ಹೂಂ. ನಾನೇ."

ಅವನು ಗೋಡೆಯ ಕಡೆ ತಿರುಗಿಕೊಂಡ. ಅವನ ಹೊದಿಕೆ ಜಾರಿತ್ತು. ಅವಳ ಕೈ ತಾನಾಗಿ ಅದನ್ನು ಎಳೆದು ಹೊದಿಸಲು ಹೋಯಿತು, ಅರ್ಧದಲ್ಲೇ ನಿಂತಿತು. ಅವಳು ಎದ್ದು ಬಂದಳು. ಅವಳು ಕೊಟ್ಟ ಹೇಳಿಕೆಯಿಂದಲೇ ಅವನಿಗೆ ಜೈಲಾಯಿತು. ಕಟಕಟೆಯಲ್ಲಿ ನಿಂತಾಗ ವಕೀಲನೊಬ್ಬ, ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಿಮಗೆ ಗೊತ್ತಿರಲಿಲ್ಲವೇ ಎಂದು ಕೇಳಿದ. ಗೊತ್ತಿತ್ತು ಎಂದಳು. ಹಾಗಾದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದ. ಗಾಡಿ ಬಿಸಿ ಮಾಡುತ್ತಿದ್ದೆ ಎಂದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಚಿನಕುರಳಿ ಅಂದು ನಗಲಿಲ್ಲ, ಅಳಲೂ ಇಲ್ಲ. ಕೈಯ ಮೂಳೆ ಕೂಡಿದ್ದರೂ ಎರಡು ಬೆರಳು ಮಡಚುತ್ತಿರಲಿಲ್ಲ. ಅತ್ತಿಗೆ ಮಾಡಿದ ಅಡುಗೆ ಉಂಡು, ಅತ್ತಿಗೆಯ ಕೈಯಲ್ಲಿ ತಲೆ ಬಾಚಿಸಿಕೊಂಡು, ಎರಡೇ ಮಾತಿನಲ್ಲಿ ಉತ್ತರ ಕೊಡುತ್ತಾ ಆ ಮನೆಯಲ್ಲಿ ದಿನ ತಳ್ಳಿದಳು. ತೀರ್ಪು ಬಂದ ವಾರದಲ್ಲೇ ಬಟ್ಟೆ ಕಟ್ಟಿದಳು. ದೂರದ ಊರಿನಲ್ಲಿ ಅವಳ ದೊಡ್ಡಮ್ಮನ ಮನೆಯಿತ್ತು.

ಅಕ್ಕ ಬಸ್ ನಿಲ್ದಾಣಕ್ಕೆ ಗಾಡಿಯಲ್ಲೇ ಕರೆದುಕೊಂಡು ಹೋದಳು. ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಕಿಟಕಿಯ ಪಕ್ಕ ಕೂತವಳಿಗೆ ನೀರಿನ ಬಾಟಲಿ ಕೊಟ್ಟಳು, ಬಾಳೆಹಣ್ಣು ಕೊಟ್ಟಳು, ಇನ್ನೇನು ಕೊಡುವುದೆಂದು ತೋಚದೆ ಕಿಟಕಿಯ ಸರಳು ಹಿಡಿದು ನಿಂತಳು.

"ನಾನು ದಿನಾ ಕರೀತಿದ್ದೆ," ಎಂದಳು ಚಿನಕುರಳಿ, ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಾ. "ಮೊದಮೊದಲು ಅಮ್ಮನ್ನ ಕರೀತಿದ್ದೆ. ಆಮೇಲೆ ನಿಮ್ಮನ್ನ. ನಾನು ಕರೆದಷ್ಟೂ ನೀವು ಗಾಡಿ ಜೋರು ಮಾಡ್ತಿದ್ರಿ ಅನ್ನಿಸೋದು."

ಇಲ್ಲ ಕಣೇ, ಕೇಳಿಸ್ತಿರಲಿಲ್ಲ ಎಂದು ಅಕ್ಕ ಅನ್ನಬಹುದಿತ್ತು. ಅದು ಸುಳ್ಳೂ ಅಲ್ಲ.

"ಜೋರು ಮಾಡ್ತಿದ್ದೆ," ಎಂದಳು.

ಚಿನಕುರಳಿ ತಲೆಯಾಡಿಸಿದಳು. ಕಂಡಕ್ಟರು ಸೀಟಿ ಊದಿದ. ಬಸ್ಸು ಕದಲಿದ ಮೇಲೆ ಅವಳು ಕಿಟಕಿಯಿಂದ ಬಗ್ಗಿದಳು.

"ಅತ್ತಿಗೆ, ನೋಡೋಕೆ ಅಂತ ಬರಬೇಡಿ. ನನಗೇ ಅನ್ನಿಸಿದಾಗ ಫೋನ್ ಮಾಡ್ತೀನಿ."

"ಆಯ್ತು. ಹುಷಾರು. ಕೈ ಹೊರಗೆ ಹಾಕಬೇಡ."

ಬಸ್ಸು ತಿರುವಿನಲ್ಲಿ ಮರೆಯಾಯಿತು. ಅಕ್ಕ ಕಣ್ಣೊರೆಸಿಕೊಳ್ಳಲು ಹೋದಳು, ಕಣ್ಣು ಒದ್ದೆಯಿರಲಿಲ್ಲ. ಹಿಂದೆ ಯಾರೋ ಹಾರ್ನ್ ಮಾಡಿ, "ಗಾಡಿ ತೆಗೀರಮ್ಮ, ದಾರೀಲಿ ನಿಲ್ಲಿಸಿದೀರಲ್ಲ" ಎಂದು ಬೈದರು. ಅವಳು ಗಾಡಿ ತಳ್ಳಿಕೊಂಡು ಪಕ್ಕಕ್ಕೆ ಸರಿದಳು. ಕೆಲಸಕ್ಕೆ ಹೊತ್ತಾಗಿತ್ತು.